ಹಣೆಬರಹ ಅನ್ನುವ ಮುಂಚೆ

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ರೈತರು ಮತ್ತು ಕಾನೂನು ವಿದ್ಯಾರ್ಥಿಗಳು ಸೇರಿದ್ದ ಕಡೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕಾನೂನು ಓದುತ್ತಿದ್ದ ಕಾಲ. ಒಂದು ಜನವರಿ ಸಂಜೆ ಪಾಂಡವಪುರದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ತಿರುವು ದಾಟಿದ ಕೂಡಲೇ ರಸ್ತೆಯ ಅರ್ಧಕ್ಕೆ ಹುರುಳಿ ಹರಡಿತ್ತು. ಒಣಗಿದ ಹುರುಳಿ ಗಿಡ ಮೇಲೆ ನೋಡೋಕೆ ಮೆತ್ತಗಿರುತ್ತದೆ. ಅದರ ಕೆಳಗೆ ಉದುರಿದ ಕಾಳು ಮಾತ್ರ ಗೋಲಿ ಚೆಲ್ಲಿದ ಹಾಗೆ. ಮುಂದಿನ ಚಕ್ರ ಅದರ ಮೇಲೆ ಹತ್ತಿದ್ದು ಗೊತ್ತು, ಆಮೇಲೆ ಕಣ್ಣು ಬಿಟ್ಟಾಗ ರಸ್ತೆ ಬದಿಯ ಕಲ್ಲಿನ ಪಕ್ಕ ಬಿದ್ದಿದ್ದೆ. ಎಡಗೈ ಮಣಿಕಟ್ಟು ಮುರಿದಿತ್ತು.

ಒಕ್ಕಣೆ ಮಾಡುತ್ತಿದ್ದ ಮನೆಯವರು ಓಡಿ ಬಂದರು. ಒಬ್ಬ ಅಜ್ಜಿ ಚೊಂಬಿನಲ್ಲಿ ನೀರು ತಂದು ಮುಖಕ್ಕೆ ಚಿಮುಕಿಸಿದರು. "ದೇವ್ರು ದೊಡ್ಡೋನು ಕಣಪ್ಪ, ತಲೆ ಉಳೀತು. ಹಣೇಲಿ ಇಷ್ಟೇ ಬರೆದಿತ್ತು" ಅಂದರು. ಅವರ ಮಗನೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ "ಹೌದಮ್ಮ" ಅಂದೆ. ಅವರ ಮೇಲೆ ನನಗೆ ಇವತ್ತಿಗೂ ಕೋಪ ಇಲ್ಲ. ಆದರೆ ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಹುರುಳಿ ಹರಡಿದ್ದು ಕೈ, ಹಣೆಯಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬ ಬಿದ್ದು ಅವನ ತಲೆ ಉಳಿಯದಿದ್ದರೆ? ಆಗಲೂ ಅದೇ ಮಾತು ಹೇಳುತ್ತಿದ್ದೆವು, ಅಲ್ವಾ?

ಇವತ್ತು ನಾನು ಮಾತಾಡಬೇಕಾದ ಕಾನೂನು ಶುರುವಾಗುವುದೇ ಇಲ್ಲಿಂದ. ಇಂಗ್ಲಿಷಿನಲ್ಲಿ ಅದಕ್ಕೆ ಟಾರ್ಟ್ ಅನ್ನುತ್ತಾರೆ, ನಮ್ಮ ಪಠ್ಯಗಳಲ್ಲಿ ಅಪಕೃತ್ಯ ಅಂತ ಇದೆ. ಟಾರ್ಟ್ ಅನ್ನುವ ಪದದ ಲ್ಯಾಟಿನ್ ಮೂಲಕ್ಕೆ ತಿರುಚಿದ್ದು, ಡೊಂಕಾದದ್ದು ಅಂತ ಅರ್ಥ. ನಿಮಗೂ ನನಗೂ ನಡುವೆ ಕರಾರು ಇಲ್ಲ, ಪತ್ರ ಇಲ್ಲ. ಆದರೂ ನೀವು ನಡೆದುಕೊಂಡ ರೀತಿಯಿಂದ ನನಗೆ ಏಟಾದರೆ ನೀವು ಪರಿಹಾರ ಕೊಡಬೇಕಾಗಬಹುದು. ಜೈಲಿಗೆ ಹಾಕುವುದು ಇದರ ಕೆಲಸವಲ್ಲ, ಅದು ಕ್ರಿಮಿನಲ್ ಕಾನೂನಿನದು. ಆದ ನಷ್ಟವನ್ನು ಯಾರು ಹೊರಬೇಕು ಅನ್ನುವುದೊಂದೇ ಇಲ್ಲಿನ ಪ್ರಶ್ನೆ. ನಮ್ಮ ದೇಶದಲ್ಲಿ ಇದರ ಬಹುಪಾಲು ಯಾವ ಕಾಯ್ದೆ ಪುಸ್ತಕದಲ್ಲೂ ಒಟ್ಟಾಗಿ ಸಿಗುವುದಿಲ್ಲ. ತೀರ್ಪುಗಳಿಂದ ತೀರ್ಪುಗಳಿಗೆ ಬೆಳೆದುಕೊಂಡು ಬಂದಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಷ್ಟ ಆದ ಮಾತ್ರಕ್ಕೆ ಯಾರೋ ಹೊಣೆ ಆಗಲೇಬೇಕು ಅಂತಿಲ್ಲ. 1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ಒಂದು ಶಾಲೆ ಇತ್ತು. ಇನ್ನೊಬ್ಬ ಮೇಷ್ಟ್ರು ಬಂದು ಅಲ್ಲೇ ಮತ್ತೊಂದು ಶಾಲೆ ತೆರೆದರು. ಹಳೇ ಶಾಲೆಯವರು ಫೀಸು ಇಳಿಸಬೇಕಾಯಿತು. ಕೋರ್ಟಿಗೆ ಹೋದರೆ ನಿಮ್ಮ ಹಕ್ಕಿಗೆ ಧಕ್ಕೆ ಆಗಿಲ್ಲ ಅಂದರು. ನಿಮ್ಮ ಹೋಟೆಲಿನ ಎದುರಿಗೆ ಯಾರೋ ಬಂದು ಒಳ್ಳೆ ಇಡ್ಲಿ ಮಾಡಿದರೆ ನೀವು ಕೇಸು ಹಾಕೋಕಾಗುವುದಿಲ್ಲ. ಅಷ್ಟೇ.

ಹಾಗಾದರೆ ಯಾರಿಗೆ ನಾವು ಹೊಣೆ? ಇದಕ್ಕೆ ಉತ್ತರ ಕೊಟ್ಟಿದ್ದು ಒಂದು ಬಸವನಹುಳು. 1928ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಅನ್ನುವ ಊರಿನಲ್ಲಿ ಮೇ ಡೊನೊಹ್ಯೂ ಅನ್ನುವ ಹೆಂಗಸು ಗೆಳತಿಯ ಜೊತೆ ಹೋಟೆಲಿಗೆ ಹೋದರು. ಗೆಳತಿ ಶುಂಠಿ ಪಾನೀಯದ ಬಾಟಲಿ ಕೊಡಿಸಿದರು. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಬಿತ್ತು ಅನ್ನುವುದು ಅವರ ದೂರು. ಬಾಟಲಿ ಒಳಗೆ ಏನಿದೆ ಅಂತ ಹೊರಗಿನಿಂದ ಕಾಣುವಂತಿರಲಿಲ್ಲ. ದುಡ್ಡು ಕೊಟ್ಟವಳು ಗೆಳತಿ. ಕುಡಿದವರಿಗೂ ತಯಾರಿಸಿದವನಿಗೂ ವ್ಯವಹಾರವೇ ಇಲ್ಲ. ಆದರೂ ತಯಾರಿಸಿದವನಿಗೆ ಹೊಣೆ ಇದೆ ಅಂತ 1932ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಂದರೆ ಆಗಿನ ಬ್ರಿಟನ್ನಿನ ಅತಿ ದೊಡ್ಡ ಕೋರ್ಟು, ಹೇಳಿತು. ಮೂವರು ನ್ಯಾಯಮೂರ್ತಿಗಳು ಪರ, ಇಬ್ಬರು ವಿರುದ್ಧ. ಪರ ಇದ್ದವರಲ್ಲಿ ಒಬ್ಬರಾದ ಲಾರ್ಡ್ ಆಟ್ಕಿನ್ ಹೇಳಿದ್ದರ ಸಾರ ಇದು: ನನ್ನ ಕೆಲಸದಿಂದ ಯಾರಿಗೆ ತೊಂದರೆ ಆಗಬಹುದು ಅಂತ ನಾನು ಮೊದಲೇ ಯೋಚಿಸಬೇಕೋ ಅವರೆಲ್ಲ ಕಾನೂನಿನ ಲೆಕ್ಕದಲ್ಲಿ ನನ್ನ ನೆರೆಯವರು.

ಆ ತಿರುವಿನಲ್ಲಿ ಹುರುಳಿ ಹರಡಿದ ಮನೆಗೆ ನಾನು ನೆರೆಯವನು. ಅವರ ಹೆಸರು ನನಗೆ ಗೊತ್ತಿರಲಿಲ್ಲ, ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಸಂಜೆ ಹೊತ್ತು ಬೈಕು ಬರುತ್ತದೆ, ಕಾಳಿನ ಮೇಲೆ ಜಾರುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಅಷ್ಟು ಸಾಕು.

ಈಗ ಇನ್ನೊಂದು ಕಡೆಗೆ ಬರೋಣ. ಹೊಣೆ ಹೊರಿಸಿದರೆ ಎದುರಿನವರು ಸುಮ್ನೆ ಕೂರುವುದಿಲ್ಲ. ಅವರಿಗೂ ಹೇಳಲು ಮಾತಿರುತ್ತದೆ. ಅದಕ್ಕೇ ಡಿಫೆನ್ಸ್ ಅನ್ನುವುದು. ಜನ ಡಿಫೆನ್ಸ್ ಅಂದರೆ ವಕೀಲರ ಕಣ್ಕಟ್ಟು ಅಂದುಕೊಳ್ಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಹೊಣೆ ಎಲ್ಲಿಗೆ ನಿಲ್ಲಬೇಕು ಅಂತ ತೋರಿಸುವ ಬದು ಅದು. ಬದು ಇಲ್ಲದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಆದರೆ ಬದುವನ್ನು ಒತ್ತುವರಿ ಮಾಡುವವರೂ ಇದ್ದಾರೆ, ಅದೂ ನಿಮಗೆ ಗೊತ್ತು.

ನಮ್ಮ ಕಡೆ ಜಾಸ್ತಿ ಕೇಳಿಬರುವ ಡಿಫೆನ್ಸ್ ಆ ಅಜ್ಜಿ ಹೇಳಿದ್ದೇ. ದೇವರ ಇಚ್ಛೆ. ಕಾನೂನಿನಲ್ಲೂ ದೇವರ ಕೃತ್ಯ ಅನ್ನುವ ಡಿಫೆನ್ಸ್ ಇದೆ, ಆದರೆ ಅದರ ಬಾಗಿಲು ತೀರಾ ಕಿರಿದು. ಮನುಷ್ಯನ ಕೈವಾಡ ಇರಬಾರದು. ಯಾರೂ ನಿರೀಕ್ಷೆ ಮಾಡಲಾಗದಷ್ಟು ಅಸಾಧಾರಣ ಆಗಿರಬೇಕು. ಮಧ್ಯಪ್ರದೇಶದಲ್ಲಿ ಮಳೆ ಬಂದ ದಿನ ಒಂದು ಕಟ್ಟಡದ ಗೋಡೆ ಕುಸಿದು ಇಬ್ಬರು ಮಕ್ಕಳು ಸತ್ತರು. ಮಾಲೀಕರು ಮಳೆಯ ಮೇಲೆ ಹಾಕಿದರು. ಆವತ್ತು ಬಿದ್ದಿದ್ದು 2.66 ಇಂಚು. ಮಳೆಗಾಲದಲ್ಲಿ ಇಷ್ಟು ಮಳೆ ಬರುವುದು ಇದ್ದದ್ದೇ, ಇದು ದೇವರ ಕೃತ್ಯವಲ್ಲ ಅಂತ 1958ರಲ್ಲಿ ವರದಿಯಾದ ಆ ತೀರ್ಪು ಹೇಳಿತು. ಹಳೇ ಗೋಡೆ ಇಟ್ಟುಕೊಂಡವರು ಈ ಅಂಕಿ ನೆನಪಿಟ್ಟುಕೊಳ್ಳಿ.

ಮೈಸೂರಿನ ಕಡೆಯಿಂದ ಬಂದವರು ಇಲ್ಲಿದ್ದೀರಿ. ದೊಡ್ಡ ಗಡಿಯಾರದ ಕೆಳಗೆ ನಿಂತು ಬಸ್ಸಿಗೆ ಕಾಯದವರು ಯಾರು? ದೆಹಲಿಯ ಚಾಂದನಿ ಚೌಕದಲ್ಲೂ ಒಂದು ಗಡಿಯಾರ ಗೋಪುರ ಇತ್ತು. ಅದು ಕುಸಿದು ಕೆಳಗಿದ್ದವರು ಸತ್ತರು. ಒಳಗಿನ ದೋಷ ನಮಗೆ ಕಾಣುತ್ತಿರಲಿಲ್ಲ ಅಂತ ನಗರಪಾಲಿಕೆ ವಾದಿಸಿತು. ಗೋಪುರಕ್ಕೆ ಸುಮಾರು 80 ವರ್ಷ ಆಗಿತ್ತು. ಆ ಬಗೆಯ ಗಾರೆಯ ಕಟ್ಟಡದ ಆಯಸ್ಸು 40-45 ವರ್ಷ ಅಂತ ಸಾಕ್ಷ್ಯ ಬಂತು. 1966ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ರಸ್ತೆ ಪಕ್ಕ ಕಟ್ಟಡ ಇಟ್ಟುಕೊಂಡ ಮೇಲೆ ಅದನ್ನು ಪರೀಕ್ಷೆ ಮಾಡಿಸುತ್ತಾ ಇರುವುದು ಅವರ ಕರ್ತವ್ಯ. ಸರಿಯಾಗಿ ನೋಡಿಕೊಂಡ ಗೋಪುರ ತಾನಾಗಿ ಬೀಳುವುದಿಲ್ಲ. ಬಿತ್ತು ಅಂದರೆ ಆ ಬೀಳುವಿಕೆಯೇ ಸಾಕ್ಷಿ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜೀವಗಳು ಹೋದಾಗ ನನಗೆ ಮೊದಲು ನೆನಪಾಗಿದ್ದು ಈ ತೀರ್ಪು.

ಇನ್ನು ನೀರಿನ ವಿಷಯ. ಮಂಡ್ಯದಲ್ಲಿ ನಿಂತು ಇದನ್ನು ಬಿಡುವ ಹಾಗಿಲ್ಲ.

ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕ ತನ್ನ ಜಾಗದಲ್ಲಿ ಗುತ್ತಿಗೆದಾರರಿಂದ ಒಂದು ಜಲಾಶಯ ಕಟ್ಟಿಸಿದ. ಕೆಳಗೆ ಹಳೇ ಗಣಿಯ ಸುರಂಗಗಳಿದ್ದವು. ನೀರು ಅವುಗಳ ಮೂಲಕ ನುಗ್ಗಿ ಪಕ್ಕದವನ ಗಣಿ ಮುಳುಗಿತು. ಮಾಲೀಕನ ನಿರ್ಲಕ್ಷ್ಯ ಏನೂ ಇರಲಿಲ್ಲ. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನನ್ನೇ ಹೊಣೆ ಮಾಡಿತು. ತಪ್ಪಿಸಿಕೊಂಡರೆ ಅಪಾಯ ಮಾಡುವಂಥ ವಸ್ತುವನ್ನು ತಂದು ಇಟ್ಟುಕೊಂಡವನು ಅದು ತಪ್ಪಿಸಿಕೊಂಡರೆ ಹೊಣೆ. ತಪ್ಪು ಮಾಡಿದ್ದನೋ ಇಲ್ಲವೋ ಕೇಳುವ ಹಾಗಿಲ್ಲ. ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಅಂತ ಈ ಪ್ರಕರಣ ಪ್ರಸಿದ್ಧ.

ಇದನ್ನು ಹಾಗೇ ತಂದು ನಮ್ಮ ಕೆರೆಗಳಿಗೆ ಹಚ್ಚಿದ್ದರೆ ಏನಾಗುತ್ತಿತ್ತು ಯೋಚಿಸಿ. ಆರೇ ವರ್ಷಕ್ಕೆ ಆ ಪ್ರಶ್ನೆ ಬಂದೇ ಬಂತು. ಈಗಿನ ಆಂಧ್ರದ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಭಾರಿ ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಸೇತುವೆಗಳು ಕೊಚ್ಚಿಹೋದವು. ಕಂಪನಿ ಪರಿಹಾರ ಕೇಳಿತು. ಆಗ ನಮ್ಮ ದೇಶದ ಪ್ರಕರಣಗಳಿಗೆ ಕೊನೆಯ ಕೋರ್ಟು ಲಂಡನ್ನಿನ ಪ್ರಿವಿ ಕೌನ್ಸಿಲ್. 1874ರಲ್ಲಿ ಅದು ಕಂಪನಿಯ ಮಾತು ಕೇಳಲಿಲ್ಲ. ಈ ಕೆರೆಗಳು ಅನಾದಿ ಕಾಲದಿಂದ ಇವೆ, ಸಾವಿರಾರು ಜನರ ಬೇಸಾಯ ಇವುಗಳ ಮೇಲಿದೆ, ಜಮೀನ್ದಾರ ಬೇಡ ಅಂದರೂ ಇವನ್ನು ಮುಚ್ಚುವ ಹಾಗಿಲ್ಲ, ಉಳಿಸಿಕೊಳ್ಳುವುದೇ ಅವನ ಕರ್ತವ್ಯ. ನಿರ್ಲಕ್ಷ್ಯ ತೋರಿಸದೆ ಅವನನ್ನು ಹೊಣೆ ಮಾಡಲಾಗದು. ತೊಣ್ಣೂರು ಕೆರೆಯ ಏರಿ ಮೇಲೆ ನಿಂತಾಗಲೆಲ್ಲ ಈ ತೀರ್ಪು ನನಗೆ ನೆನಪಾಗುತ್ತದೆ. ಲಂಡನ್ನಿನಲ್ಲಿ ಕೂತವರಿಗೂ ನಮ್ಮ ಕೆರೆ ಅಂದರೆ ಏನು ಅಂತ ಅರ್ಥವಾಗಿತ್ತಲ್ಲ ಅಂತ ಸಂತೋಷ ಆಗುತ್ತದೆ.

ಆದರೆ ಇದನ್ನೇ ಹಿಡಿದುಕೊಂಡು ನಾಲೆ ಒಡೆದರೆ ಯಾರೂ ಕೇಳುವ ಹಾಗಿಲ್ಲ ಅಂತಲ್ಲ. ಪಂಜಾಬಿನಲ್ಲಿ ನಾಲೆಯ ದಂಡೆ ಒಡೆದು ಜಮೀನು ಮುಳುಗಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ನಾಲೆ ದೇಶಕ್ಕೆ ಬೇಕಾದದ್ದು, ಹಾಗಾಗಿ ಇಂಗ್ಲೆಂಡಿನ ಆ ಕಟ್ಟುನಿಟ್ಟಿನ ನಿಯಮ ಇಲ್ಲಿಗೆ ಹೊಂದುವುದಿಲ್ಲ ಅಂದರು. ಆದರೆ ಚೆನ್ನಾಗಿ ನೋಡಿಕೊಂಡ ದಂಡೆ ಸುಮ್ಸುಮ್ನೆ ಒಡೆಯುವುದಿಲ್ಲ. ಹೇಗೆ ಒಡೆಯಿತು ಅಂತ ಸರ್ಕಾರವೇ ವಿವರಿಸಬೇಕು, ವಿವರಿಸಲಿಲ್ಲ, ಆದ್ದರಿಂದ ನಿರ್ಲಕ್ಷ್ಯ ಅಂತ ಊಹಿಸಬಹುದು ಅಂದರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ರೈತರು ಇದನ್ನು ತಿಳಿದಿರಲೇಬೇಕು. ಗದ್ದೆಗೆ ನೀರು ನುಗ್ಗಿದ ದಿನವೇ ಫೋಟೋ ತೆಗೆಯಿರಿ. ಒಡೆದ ಜಾಗದ್ದೂ ತೆಗೆಯಿರಿ. ಕಂದಾಯ ಇಲಾಖೆಯವರಿಂದ ಮಹಜರು ಮಾಡಿಸಿ. ದಂಡೆ ಕಟ್ಟಿ ಮುಚ್ಚಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಭೋಪಾಲ್ ಬಗ್ಗೆ ಎರಡು ಮಾತು. 1984ರ ಡಿಸೆಂಬರ್ 2-3ರ ರಾತ್ರಿ ಅಲ್ಲಿ ವಿಷಾನಿಲ ಸೋರಿತು. ಸುಮಾರು ಒಂದು ವರ್ಷಕ್ಕೆ, 1985ರ ಡಿಸೆಂಬರ್ 4ರಂದು ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ (ಒಂದು ಬಗೆಯ ತೀವ್ರ ಗಂಧಕಾಮ್ಲ) ಅನಿಲ ಸೋರಿತು. ಆ ಸೋರಿಕೆಯ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು: ಅಪಾಯಕಾರಿ ಉದ್ಯಮ ನಡೆಸಿ ಲಾಭ ಮಾಡುವವನಿಗೆ ಹೊಣೆ ಸಂಪೂರ್ಣ. ದೇವರ ಕೃತ್ಯ, ಮೂರನೆಯವನ ಕೈವಾಡ, ಯಾವ ಡಿಫೆನ್ಸೂ ಇಲ್ಲ. ನೂರು ವರ್ಷಕ್ಕೂ ಹಳೆಯ ಇಂಗ್ಲಿಷ್ ನಿಯಮವನ್ನು ದಾಟಿ ನಮ್ಮ ಕೋರ್ಟು ಹೋದ ಹೆಜ್ಜೆ ಇದು. ನನಗೆ ಇದರ ಬಗ್ಗೆ ಹೆಮ್ಮೆ ಇದೆ.

ಕರೆಂಟಿನ ವಿಷಯದಲ್ಲೂ ಕೋರ್ಟು ಬಿಗಿಯಾಗಿದೆ. ಮಧ್ಯಪ್ರದೇಶದಲ್ಲಿ ತುಂಡಾಗಿ ಬಿದ್ದಿದ್ದ ತಂತಿ ತಗುಲಿ ಒಬ್ಬರು ಸತ್ತರು. ಯಾರೋ ಕಳ್ಳತನದಿಂದ ಕರೆಂಟು ಎಳೆದಿದ್ದರು, ನಮ್ಮ ತಪ್ಪಲ್ಲ ಅಂತ ವಿದ್ಯುತ್ ಮಂಡಳಿ ಹೇಳಿತು. 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಂಥ ಅಪಾಯದ ವಸ್ತು ಸರಬರಾಜು ಮಾಡುವವರೇ ಅದನ್ನು ಕಾಯಬೇಕು ಅಂದಿತು. ಕಬ್ಬಿನ ಗದ್ದೆಯಲ್ಲಿ ಜೋತುಬಿದ್ದ ತಂತಿ ಕಂಡರೆ ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಇದೇ ಮಾತು ನಮಗೂ ತಿರುಗುತ್ತದೆ. ಹಂದಿ ಕಾಟ ಅಂತ ಗದ್ದೆ ಸುತ್ತ ಕರೆಂಟು ಹರಿಸುವವರು ನಮ್ಮಲ್ಲಿದ್ದಾರೆ. ಸಭೆಯಲ್ಲಿ ಯಾರ ಮುಖವನ್ನೂ ನೋಡದೆ ಹೇಳುತ್ತೇನೆ, ದಯವಿಟ್ಟು ಮಾಡಬೇಡಿ. "ನನ್ನ ಜಮೀನು, ಅವನ್ಯಾಕೆ ಬಂದ?" ಅನ್ನುವ ಡಿಫೆನ್ಸ್ ನಿಲ್ಲುವುದಿಲ್ಲ. ಬಿಹಾರದಲ್ಲಿ ಒಬ್ಬ ಹೆಂಗಸಿನ ಪಾಯಿಖಾನೆಯ ಗೋಡೆ ಬಿದ್ದುಹೋಗಿತ್ತು. ಮರೆ ಇಲ್ಲದೆ ಆಕೆ ಪಕ್ಕದ ಮನೆಯವನ ಪಾಯಿಖಾನೆಗೆ ಹೋಗುತ್ತಿದ್ದರು. ಅವನು ಬೇಡ ಅಂದ. ಕೇಳಲಿಲ್ಲ. ದಾರಿಯಲ್ಲಿ ಬರಿ ತಂತಿ ಕಟ್ಟಿ ಕರೆಂಟು ಬಿಟ್ಟ. ತಂತಿ ಇದೆ ಅಂತ ಎಚ್ಚರಿಕೆ ಕೂಡ ಹಾಕಲಿಲ್ಲ. ಆಕೆ ಸತ್ತರು. ಅತಿಕ್ರಮವಾಗಿ ಬಂದವರೇ ಆದರೂ ಕೊಲ್ಲುವಂಥ ಬಲೆ ಒಡ್ಡುವ ಹಕ್ಕು ಜಾಗದ ಮಾಲೀಕನಿಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದು ಕ್ರಿಮಿನಲ್ ಪ್ರಕರಣ, ಆದರೆ ತತ್ವ ಈ ಕಾನೂನಿನದೇ. ನಿಮ್ಮನ್ನು, ನಿಮ್ಮ ಆಸ್ತಿಯನ್ನು ಕಾಪಾಡಿಕೊಳ್ಳುವ ಹಕ್ಕು ಇದೆ. ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ರಾತ್ರಿ ನೀರು ಕಟ್ಟಲು ಹೋದ ಪಕ್ಕದ ಗದ್ದೆಯ ಹುಡುಗ ಆ ತಂತಿಗೆ ಸಿಕ್ಕಿದರೆ ಆ ಮನೆಗೆ ನೀವು ಏನು ಹೇಳುತ್ತೀರಿ?

ಈಗ ನನಗೆ ಬಹಳ ದಿನದಿಂದ ಕಾಡುತ್ತಿರುವ ಡಿಫೆನ್ಸಿಗೆ ಬರುತ್ತೇನೆ. ತಾನೇ ಒಪ್ಪಿಕೊಂಡು ಅಪಾಯಕ್ಕೆ ಇಳಿದವನು ಆಮೇಲೆ ದೂರುವ ಹಾಗಿಲ್ಲ. ವೊಲೆಂಟಿ ನಾನ್ ಫಿಟ್ ಇಂಜೂರಿಯಾ ಅಂತ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತೀರಿ. ಮೈಸೂರಿನ ಗರಡಿಯ ಪೈಲ್ವಾನ ಅಖಾಡಕ್ಕೆ ಇಳಿದ ಮೇಲೆ ಎತ್ತಿ ಒಗೆದರು ಅಂತ ಕೇಸು ಹಾಕುವ ಹಾಗಿಲ್ಲ. ಎದುರಾಳಿ ಕಚ್ಚಿದರೆ ಹಾಕಬಹುದು, ಯಾಕೆಂದರೆ ಕಚ್ಚಿಸಿಕೊಳ್ಳಲು ಅವನು ಒಪ್ಪಿರಲಿಲ್ಲ. ಇಲ್ಲಿಯವರೆಗೆ ಸರಿ.

ನಮ್ಮ ಹೈಕೋರ್ಟಿನ 1975ರ ಒಂದು ತೀರ್ಪಿದೆ, ಪದ್ಮಾವತಿ ವಿರುದ್ಧ ದುಗ್ಗನಾಯ್ಕ. ಚಾಲಕ ಪೆಟ್ರೋಲ್ ಹಾಕಿಸಲು ಜೀಪು ತೆಗೆದುಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಇಬ್ಬರು ಹತ್ತಿಕೊಂಡರು. ಬಲಗಡೆ ಮುಂದಿನ ಚಕ್ರವನ್ನು ಅಚ್ಚಿಗೆ ಹಿಡಿದಿದ್ದ ಬೋಲ್ಟು ಬಿಟ್ಟುಕೊಂಡು ಜೀಪು ಮಗುಚಿತು. ಒಬ್ಬ ಸತ್ತ. ಚಾಲಕನೂ ಹೊಣೆಯಲ್ಲ, ಮಾಲೀಕನೂ ಹೊಣೆಯಲ್ಲ ಅಂತ ತೀರ್ಪಾಯಿತು. ಕಾರಣ ಎರಡು. ಒಂದು, ಆ ದೋಷ ಮೊದಲೇ ಕಾಣುವಂಥದ್ದು ಅಂತ ಸಾಬೀತಾಗಲಿಲ್ಲ, ಅದೊಂದು ಆಕಸ್ಮಿಕ. ಎರಡು, ಇಬ್ಬರೂ ತಾವಾಗೇ ಹತ್ತಿದ್ದರು.

ಮೊದಲನೆಯದನ್ನು ನಾನು ಒಪ್ಪುತ್ತೇನೆ. ಎಷ್ಟೇ ಎಚ್ಚರ ವಹಿಸಿದರೂ ತಪ್ಪಿಸಲಾಗದ್ದಕ್ಕೆ ಯಾರನ್ನೂ ಹೊಣೆ ಮಾಡಬಾರದು. ಎರಡನೆಯದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವರು ಒಪ್ಪಿದ್ದು ಪಯಣಕ್ಕೆ. ಚಕ್ರ ಕಳಚುತ್ತದೆ ಅಂತ ಗೊತ್ತಿದ್ದು ಯಾರು ಹತ್ತುತ್ತಾರೆ? ಅಪಾಯ ಗೊತ್ತಿರಬೇಕು, ಗೊತ್ತಿದ್ದೂ ಒಪ್ಪಿರಬೇಕು. ಎರಡೂ ಇಲ್ಲದೆ ಒಪ್ಪಿಗೆ ಅನ್ನಬಾರದು. ದಾರಿಯಲ್ಲಿ ಕೈ ತೋರಿಸಿ ಹತ್ತುವ ಊರಿನವರು ನಾವು. ಬಸ್ಸು ಬಾರದ ಹಳ್ಳಿಯಲ್ಲಿ ಡ್ರಾಪ್ ಕೇಳುವುದು ಅಪಾಯಕ್ಕೆ ಸಹಿ ಹಾಕಿದ ಹಾಗಲ್ಲ.

ಹಾಗಂತ ಬೀಗರೂಟಕ್ಕೆ ಗೂಡ್ಸ್ ಗಾಡಿಯಲ್ಲಿ ನಲವತ್ತು ಜನ ಹೋಗುವುದನ್ನು ನಾನು ಸಮರ್ಥಿಸುತ್ತಿಲ್ಲ. ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸರಕು ಗಾಡಿಯಲ್ಲಿ ಪುಕ್ಕಟೆ ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ. ಆಗ ಗಾಡಿ ಮಾಲೀಕನ ಮೇಲೆ ತೀರ್ಪು ಸಿಗಬಹುದು. ಅವನ ಹತ್ತಿರ ಆ ಗಾಡಿ ಬಿಟ್ಟು ಬೇರೇನೂ ಇರುವುದಿಲ್ಲ. ಕೈಯಲ್ಲಿ ಡಿಕ್ರಿ ಇಟ್ಟುಕೊಂಡು ವರ್ಷಗಟ್ಟಲೆ ಅಲೆದ ವಿಧವೆಯರನ್ನು ನಾನು ಕೋರ್ಟಿನ ಜಗಲಿಯಲ್ಲಿ ನೋಡಿದ್ದೇನೆ.

ಒಪ್ಪಿಗೆಯ ಡಿಫೆನ್ಸ್ ಒಂದು ಕಡೆ ಮಾತ್ರ ಬಾಯಿ ತೆರೆಯುವ ಹಾಗಿಲ್ಲ. ಇನ್ನೊಬ್ಬರನ್ನು ಉಳಿಸಲು ಹೋದವರ ಮುಂದೆ. 1935ರ ಇಂಗ್ಲೆಂಡಿನ ಪ್ರಕರಣ. ಬೀದಿಯಲ್ಲಿ ಬಿಟ್ಟುಹೋಗಿದ್ದ ಕುದುರೆಗಳು ಬೆದರಿ ಓಡಿದವು. ಜನರನ್ನು ತುಳಿಯುತ್ತವೆ ಅಂತ ಒಬ್ಬ ಪೊಲೀಸ್ ಅಡ್ಡ ಹೋಗಿ ಹಿಡಿದ, ಗಾಯಗೊಂಡ. ಅವನಿಗೆ ಪರಿಹಾರ ಸಿಕ್ಕಿತು.

2018ರ ನವೆಂಬರ್ 24 ನಿಮಗೆ ನಾನು ನೆನಪಿಸಬೇಕಿಲ್ಲ. ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ತಪ್ಪು ಯಾರದು ಅಂತ ನಾನು ಇಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಆ ವಾರ ಟೀ ಅಂಗಡಿಗಳಲ್ಲಿ ನಾನು ಜಾಸ್ತಿ ಕೇಳಿದ ಪದ ಹಣೆಬರಹ. ಅದರ ಬದಲು ಕೇಳಬೇಕಾದ ಮಾತು ಬೇರೆ ಇದ್ದವು. ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ಕಟ್ಟುವ ಕರ್ತವ್ಯ ಯಾರದು? ಬಸ್ಸಿನ ಸ್ಥಿತಿ ನೋಡುವ ಕರ್ತವ್ಯ ಯಾರದು? ಇಲ್ಲಿ ಹೀಗಾಗಬಹುದು ಅಂತ ಮೊದಲೇ ಯಾರಿಗೆ ಗೊತ್ತಿರಬೇಕಿತ್ತು? ದುಃಖದ ಹೊತ್ತಲ್ಲಿ ಹಣೆಬರಹ ಅನ್ನುವುದು ಸಮಾಧಾನ. ಆ ಸಮಾಧಾನವನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಅದನ್ನು ತಪ್ಪು ಮಾಡಿದವರ ಕೈಗೆ ಕೊಡಬಾರದು.

ವಾಹನ ಅಪಘಾತದ ಬಗ್ಗೆ ಪ್ರಶ್ನೆಗಳು ಬಂದಿವೆ, ಬೇಗ ಹೇಳಿಬಿಡುತ್ತೇನೆ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ, ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಕೇಳಬಹುದು. ಜಾಸ್ತಿ ಬೇಕಾದರೆ 166ನೇ ಸೆಕ್ಷನ್, ಅಲ್ಲಿ ನಿರ್ಲಕ್ಷ್ಯ ತೋರಿಸಬೇಕು. ಅರ್ಜಿಗೆ 2019ರ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟಿದೆ. ಆ ಗಡುವಿನ ಬಗ್ಗೆ ಕೋರ್ಟಿನಲ್ಲಿ ವಾದ ನಡೆದಿದೆ, ಆದರೂ ಅದನ್ನು ನಂಬಿಕೊಂಡು ತಡ ಮಾಡಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೂ ಈಗ ಕಾನೂನಿನ ರಕ್ಷಣೆ ಇದೆ.

ನಿನ್ನದೂ ತಪ್ಪಿದೆ ಅನ್ನುವ ಡಿಫೆನ್ಸ್ ಕೊನೆಯದು. ಒಂದು ಕಾಲದಲ್ಲಿ ಏಟು ತಿಂದವನ ತಪ್ಪು ಒಂದಿಷ್ಟಿದ್ದರೂ ಅವನಿಗೆ ಏನೂ ಸಿಗುತ್ತಿರಲಿಲ್ಲ. ಅದನ್ನು ಮೆತ್ತಗೆ ಮಾಡಿದ್ದು ಒಂದು ಕತ್ತೆ. ಒಬ್ಬ ತನ್ನ ಕತ್ತೆಯ ಮುಂಗಾಲು ಕಟ್ಟಿ ರಸ್ತೆಯಲ್ಲಿ ಬಿಟ್ಟಿದ್ದ. ಜೋರಾಗಿ ಬಂದ ಗಾಡಿ ಅದರ ಮೇಲೆ ಹರಿಯಿತು. ಕತ್ತೆ ಬಿಟ್ಟವನದೂ ತಪ್ಪೇ, ಆದರೆ ನೋಡಿಕೊಂಡು ಬಂದಿದ್ದರೆ ಗಾಡಿಯವನು ತಪ್ಪಿಸಬಹುದಿತ್ತು ಅಂತ 1842ರಲ್ಲಿ ಕತ್ತೆಯವನೇ ಗೆದ್ದ. ಈಗ ನಮ್ಮಲ್ಲಿ ತಪ್ಪನ್ನು ಭಾಗ ಮಾಡುತ್ತಾರೆ. ರಾತ್ರಿ ರಿಫ್ಲೆಕ್ಟರ್ ಇಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ ಕಬ್ಬಿನ ಟ್ರಾಕ್ಟರಿಗೆ ಬೈಕು ಗುದ್ದಿದರೆ ಇಬ್ಬರ ಪಾಲು ಎಷ್ಟೆಷ್ಟು ಅಂತ ಲೆಕ್ಕ ಹಾಕಿ, ಪರಿಹಾರದಲ್ಲಿ ಅಷ್ಟು ಕಳೆಯುತ್ತಾರೆ. ಆದರೆ ತಪ್ಪಿಗೂ ಏಟಿಗೂ ಸಂಬಂಧ ಇರಬೇಕು. ಬೈಕಿನಲ್ಲಿ ಮೂವರಿದ್ದರು ಅನ್ನುವ ಒಂದೇ ಕಾರಣಕ್ಕೆ ಹಿಂದೆ ಕೂತವನ ಪರಿಹಾರ ಕಡಿತ ಮಾಡುವ ಹಾಗಿಲ್ಲ, ಅಪಘಾತಕ್ಕೆ ಅದು ಕಾರಣ ಅಂತ ತೋರಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆ ಲೆಕ್ಕದಲ್ಲಿ ನನ್ನ ಮಣಿಕಟ್ಟಿಗೆ ಬಂದರೆ, ನಾನೂ ತಿರುವಿನಲ್ಲಿ ವೇಗ ಇಳಿಸಿರಲಿಲ್ಲ. ನನ್ನ ಪಾಲು ನನಗಿದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. "ಸ್ವಾಮಿ, ನಾನೂ ರಸ್ತೆ ಮ್ಯಾಲೆ ಹುರುಳಿ ಹಾಕೋನೇ. ಕಣ ಎಲ್ಲೈತೆ? ಅಣ್ಣ ತಮ್ಮಂದಿರು ಭಾಗ ಆಗಿ ಕಣದಲ್ಲಿ ಮನೆ ಕಟ್ಕಂಡವ್ರೆ. ಎಲ್ಲಿ ಒಕ್ಕಣೆ ಮಾಡ್ಲಿ, ನೀವೇ ಹೇಳಿ" ಅಂದರು.

ಸಭೆ ನನ್ನ ಕಡೆ ತಿರುಗಿತು. ಅವರ ಕಷ್ಟ ನಿಜ. ಅಗತ್ಯ ಅನ್ನುವ ಡಿಫೆನ್ಸ್ ಕೂಡ ಕಾನೂನಿನಲ್ಲಿದೆ ಅಂದೆ. ಊರಿಗೆ ಬೆಂಕಿ ಹರಡದ ಹಾಗೆ ಒಂದು ಗುಡಿಸಲು ಕಿತ್ತರೆ ಅದು ನಿಲ್ಲುತ್ತದೆ. ಒಕ್ಕಣೆಗೆ ಅದು ನಿಲ್ಲುವುದಿಲ್ಲ. ದಾರಿಹೋಕನ ಜೀವ ಹುರುಳಿಗಿಂತ ದೊಡ್ಡದು. ರಸ್ತೆಗೆ ಅಡ್ಡಿ ಮಾಡುವುದು ಅಪರಾಧವೂ ಹೌದು. ಆದರೆ ಕಣ ಇಲ್ಲದ್ದು ನಿಮ್ಮೊಬ್ಬರ ತಪ್ಪಲ್ಲ. ಪಂಚಾಯಿತಿಗೆ ಬರೆದು ಕೊಡಿ, ಕಾಂಕ್ರೀಟ್ ಕಣ ಮಾಡಿಸಿಕೊಂಡ ಊರುಗಳಿವೆ ಅಂದೆ.

"ಒಕ್ಕಣೆ ನೀವೇ ಬರೆದುಕೊಡಿ" ಅಂದರು.

ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. ನಾನು ಹೇಳಿದೆ, ಅವಳು ಬರೆದಳು. ಆ ಊರಿನವರು ಹನ್ನೊಂದು ಜನ ಇದ್ದರು. ಒಂಬತ್ತು ಜನ ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು.